ನಗುತ್ತ ಹಡೆದವಳ ಅರ್ಜಿ

ನನ್ನ ಮಗನನ್ನು ನಾನು ಹಡೆದಿದ್ದೇನೋ ಇಲ್ಲವೋ ಎಂಬ ವಿಷಯದಲ್ಲಿ ನಮ್ಮ ಓಣಿಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಮಗನಿಗೆ ಈಗ ಎಂಟು ತಿಂಗಳು. ಮೂಗು ನನ್ನದು, ಹಟ ನನ್ನದು, ಹಸಿದಾಗ ತೆಗೆಯುವ ರಾಗವಂತೂ ನೂರಕ್ಕೆ ನೂರು ನನ್ನದೇ ಎಂದು ನನ್ನ ಗಂಡನೇ ಒಪ್ಪಿಕೊಂಡಿದ್ದಾರೆ. ಆದರೆ ಶಹಾಪುರದ ನಮ್ಮ ಓಣಿಯ ಹೆಂಗಸರ ಪ್ರಕಾರ ಹಡೆಯುವುದು ಬೇರೆ, ಹೊಟ್ಟೆ ಕೊಯ್ದು ತೆಗೆಯುವುದು ಬೇರೆ. ಉಳಿದವರೆಲ್ಲ ಹಡೆದರು, ನನ್ನದನ್ನು ತೆಗೆದರು, ಅಟ್ಟದಿಂದ ಹಾಸಿಗೆ ತೆಗೆದ ಹಾಗೆ. ಅದರಲ್ಲಿ ನನ್ನ ಪಾತ್ರವೇನು ಎಂದರೆ, ಮಲಗಿದ್ದೆ. ಇಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ಹೊಟ್ಟೆ ಕೊಯ್ಸಿಕೊಂಡವರು ನಮ್ಮ ಓಣಿಯಲ್ಲಿ ಇನ್ನೂ ನಾಲ್ವರಿದ್ದಾರೆ, ಅವರಿಗೆಲ್ಲ ನಿಧಾನಕ್ಕೆ ಮಾಫಿ ಸಿಕ್ಕಿದೆ. ನನಗೆ ಸಿಗಲಿಲ್ಲ. ಏಕೆಂದರೆ ನಾನು ಆ ಹೊತ್ತಿನಲ್ಲಿ ಕಣ್ಣಿಗೆ ಕಪ್ಪು ಡಬ್ಬಿಯಂಥ ಕನ್ನಡಕ ಹಾಕಿಕೊಂಡು ಸಮುದ್ರ ನೋಡುತ್ತಿದ್ದೆ. ಸಾಲದ್ದಕ್ಕೆ ನಕ್ಕೆ.

ನಾನು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಚಿಕ್ಕ ಆನ್‌ಲೈನ್ ಅಂಗಡಿ ಇದೆ. ಝೆರಾಕ್ಸ್ ತೆಗೆಯುತ್ತೇನೆ, ಫೋಟೊ ಹೊಡೆಯುತ್ತೇನೆ, ಜನರ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಬರುವವರಲ್ಲಿ ಅರ್ಧ ಮಂದಿ ಮೊದಲು ತುಂಬಿದ್ದನ್ನು ತಿದ್ದಿಸಲು ಬರುವವರು. ಹೆಸರು ತಪ್ಪು, ವಯಸ್ಸು ತಪ್ಪು, ಒಮ್ಮೊಮ್ಮೆ ಗಂಡನೇ ತಪ್ಪು. ತಿದ್ದುಪಡಿ ಅರ್ಜಿಯ ಕೊನೆಯಲ್ಲಿ 'ಮೊದಲಿನ ತಪ್ಪಿಗೆ ಕಾರಣ' ಎಂದೊಂದು ಕಾಲಂ ಇರುತ್ತದೆ. ಅಲ್ಲಿಗೆ ಬಂದ ಕೂಡಲೇ ಎಂಥ ಗಟ್ಟಿ ಮನುಷ್ಯನೂ ತಲೆ ಕೆರೆದುಕೊಳ್ಳುತ್ತಾನೆ. ನಾನು ಬೈಯುತ್ತೇನೆ. ಅವತ್ತೇ ಖರೇ ಬರೆಸಿದ್ದರೆ ಇವತ್ತು ಈ ಉಸಾಬರಿ ಯಾಕೆ ಬೇಕಿತ್ತು ಎನ್ನುತ್ತೇನೆ. ಬೈದು ಮುಗಿಸಿ, 'ಕಣ್ತಪ್ಪಿನಿಂದ' ಎಂದು ಅರ್ಧ ನಿಮಿಷದಲ್ಲಿ ಹೊಡೆದು ಕಳಿಸುತ್ತೇನೆ. ಸುಳ್ಳು ಬರೆಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮರ್ಯಾದೆ ತೆಗೆಯಲು ನಿಮಗೆ ಬೇಕಾಗುತ್ತದೆ.

ಕನ್ನಡಕದ ವಿಷಯ. ನನ್ನ ಮಗ ಹೊಟ್ಟೆಯೊಳಗೇ ಪದ್ಮಾಸನ ಹಾಕಿ ಕುಳಿತಿದ್ದ. ತಲೆ ಮೇಲೆ, ಕುಂಡೆ ಕೆಳಗೆ. ಒಂಬತ್ತು ತಿಂಗಳು ತುಂಬಿದರೂ ಏಳುವ ಲಕ್ಷಣ ಕಾಣದೆ ಡಾಕ್ಟರು ಸಿಜೇರಿಯನ್ ಎಂದರು. ನನಗೆ ಕೊಯ್ಯುವುದರ ಹೆದರಿಕೆಗಿಂತ ಎಚ್ಚರ ಇರುವುದರ ಹೆದರಿಕೆ ದೊಡ್ಡದಾಗಿತ್ತು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ, ಆದರೆ ಮೇಲೆ ಜೀವ ಪೂರ್ತಿ ಎಚ್ಚರ ಇರುತ್ತದೆ. ಪಕ್ಕದ ಮನೆಯ ಕಾಶಮ್ಮ ಬೇರೆ, ಪ್ರೀತಿಯಿಂದಲೇ, ಮೇಲಿನ ದೊಡ್ಡ ದೀಪದ ಗಾಜಿನಲ್ಲಿ ನಿನ್ನ ಹೊಟ್ಟೆ ನಿನಗೇ ಕಾಣುತ್ತದೆ ಎಂದು ಹೇಳಿ ಹೋಗಿದ್ದಳು. ಅವತ್ತಿನಿಂದ ನಾನು ಮನೆಯ ಕನ್ನಡಿಯನ್ನೂ ನೋಡುವುದು ಬಿಟ್ಟೆ.

ನಮ್ಮ ಕಡೆ ಅರಿವಳಿಕೆ ಕೊಡುವ ಡಾಕ್ಟರು ಒಂದೇ ಆಸ್ಪತ್ರೆಯಲ್ಲಿ ಕೂರುವುದಿಲ್ಲ. ಬೆಳಿಗ್ಗೆ ಯಾದಗಿರಿ, ಮಧ್ಯಾಹ್ನ ಶಹಾಪುರ, ಸಂಜೆ ಸುರಪುರ ಎಂದು ಕಾರಿನಲ್ಲಿ ತಿರುಗುತ್ತಾರೆ. ನಮಗೆ ಬಂದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಊಟದ ಬುತ್ತಿ ಇಟ್ಟುಕೊಳ್ಳುವ ಚೀಲದಿಂದ ಆ ಕಪ್ಪು ಡಬ್ಬಿ ತೆಗೆದು, ಇದರೊಳಗೆ ವಿಡಿಯೊ ಓಡುತ್ತದೆ, ಇದನ್ನು ಕಣ್ಣಿಗೆ ಕಟ್ಟಿದರೆ ನೀವು ಈ ಕೋಣೆಯಲ್ಲೇ ಇರುವುದಿಲ್ಲ, ಹೆದರಿಕೆ ಕಡಿಮೆಯಾಗುತ್ತದೆ, ಬೇಡವೆನಿಸಿದಾಗ ಹೇಳಿ, ತೆಗೆದುಬಿಡುತ್ತೇನೆ ಎಂದರು. ಸಮುದ್ರ ಇದೆ, ಹಿಮದ ಬೆಟ್ಟ ಇದೆ, ಕಾಡು ಇದೆ, ಯಾವುದು ಬೇಕು ಎಂದು ಕೇಳಿದರು. ಹೋಟೆಲಿನಲ್ಲೂ ಇಷ್ಟು ಮರ್ಯಾದೆಯಿಂದ ನನ್ನನ್ನು ಯಾರೂ ಕೇಳಿರಲಿಲ್ಲ. ನಾನು ಸಮುದ್ರ ಎಂದೆ. ಹುಟ್ಟಿದಾರಭ್ಯ ನೋಡಿರಲಿಲ್ಲ.

ನಮಗೆ ಗೊತ್ತಿರುವ ನೀರೆಂದರೆ ಕಾಲುವೆ ನೀರು. ಅದು ಒಂದು ದಿಕ್ಕು ಹಿಡಿದು ಮರ್ಯಾದೆಯಿಂದ ಹೋಗುತ್ತದೆ. ಈ ಸಮುದ್ರ ಬರುತ್ತದೆ, ಹೋಗುತ್ತದೆ, ಏನೋ ಮರೆತವರ ಹಾಗೆ ಮತ್ತೆ ಬರುತ್ತದೆ. ಒಂದು ಅಲೆ ಕಾಲ ಹತ್ತಿರ ಬಂದಾಗ ಸೀರೆ ನೆನೆಯುತ್ತದೆಂದು ಎತ್ತಿಕೊಳ್ಳಲು ಹೋದೆ. ಸೀರೆ ಎಲ್ಲಿದೆ? ಕಾಲಾದರೂ ಎಲ್ಲಿದೆ? ಹೊಟ್ಟೆಯ ಕಡೆ ಯಾರೋ ಗೋದಿ ಹಿಟ್ಟು ನಾದುತ್ತಿದ್ದರು, ನೋವಿರಲಿಲ್ಲ. ನಾಲ್ಕನೆಯ ಅಲೆ ಬಂದಾಗ ನನಗೆ ತಡೆಯಲಾಗಲಿಲ್ಲ. "ಮತ್ತ ಬಂತು ನೋಡ್ರಿ, ಬ್ಯಾರೆ ಕೆಲಸಾನೇ ಇಲ್ಲ ಇದಕ್ಕ" ಎಂದುಬಿಟ್ಟೆ. ನರ್ಸು ನಕ್ಕಳು, ಡಾಕ್ಟರು ನಕ್ಕರು, ನಾನೂ ನಕ್ಕೆ. ಕೊಯ್ಯುವ ಡಾಕ್ಟರು ಮಾತ್ರ, ಅಮ್ಮಾ, ಹೊಟ್ಟೆ ಅಲುಗಾಡಿಸಬೇಡಿ ಎಂದರು. ಆಗ ಸಮುದ್ರದ ಆಚೆ ಎಲ್ಲೋ ಒಂದು ಕೂಸು ಅತ್ತಿತು. ಕನ್ನಡಕ ತೆಗೆದು ಅವನನ್ನು ನನ್ನ ಕೆನ್ನೆಗೆ ಹಚ್ಚಿದರು. ನನ್ನ ಮುಖದ ಮೇಲೆ ಇನ್ನೂ ನಗು ಇತ್ತು. ಅವನು ಈ ಲೋಕದಲ್ಲಿ ಮೊದಲು ನೋಡಿದ್ದು ಹೆದರಿದ ತಾಯಿಯನ್ನಲ್ಲ, ನಗುವ ತಾಯಿಯನ್ನು. ಇದಕ್ಕಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ.

ನರ್ಸು ಹೊರಗೆ ಹೋಗಿ ಒಳ್ಳೆಯ ಸುದ್ದಿಯೆಂದು, ಗಂಡು ಮಗು, ತಾಯಿ ಒಳಗೆ ನಗುತ್ತಿದ್ದಾರೆ ಎಂದಳು. ಬಾಗಿಲ ಬಳಿ ಕುಳಿತಿದ್ದವರು ನಮ್ಮ ಅತ್ತೆ ಭೀಮಬಾಯಿ. ಐದು ಹಡೆದವರು. ಮೂರನೆಯದನ್ನು ಹತ್ತಿ ಹೊಲದಲ್ಲಿ ಹಡೆದು, ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದು ಬಂದು, ಸಂಜೆಗೆ ಮನೆ ಮಂದಿಗೆಲ್ಲ ರೊಟ್ಟಿ ಬಡಿದವರು. ನಾನು ಮದುವೆಯಾಗಿ ಬಂದಾಗ ಆ ರೊಟ್ಟಿಗಳು ಹನ್ನೆರಡಿದ್ದವು. ಈಗ ಮೂವತ್ತರ ಹತ್ತಿರ ಇವೆ. ಇಂಥ ಅತ್ತೆಗೆ ಸೊಸೆ ನಗುತ್ತ ಹಡೆದಳೆಂಬ ಸುದ್ದಿ ಹೇಗೆ ಮುಟ್ಟಿರಬೇಡ. ನಮ್ಮಲ್ಲಿ ಕೂಸು ನೋಡಲು ಬಂದ ಹೆಂಗಸರು ಸುತ್ತ ಕೂತು ತಮ್ಮ ತಮ್ಮ ಹೆರಿಗೆಯ ಕಥೆ ಹೇಳುತ್ತಾರೆ. ಬ್ಯಾನಿ, ಅಂದರೆ ಹೆರಿಗೆ ನೋವು, ತಿಂದವರಿಗೆ ಮಾತ್ರ ಅಲ್ಲಿ ಮಾತು. ಎರಡು ದಿನ ಬ್ಯಾನಿ ತಿಂದವರು ಗೋಡೆಗೆ ಒರಗಿ ಕೂರುತ್ತಾರೆ, ಒಂದು ರಾತ್ರಿಯವರು ಅವರ ಮುಂದೆ, ನನ್ನಂಥವರು ಬಾಗಿಲಲ್ಲಿ. ಕೂಸು ನನ್ನದು, ಮನೆ ನನ್ನದು, ಕಿವಿಗೆ ಬಟ್ಟೆ ಬಿಗಿದುಕೊಂಡು ಬಾಣಂತಿಯೆಂದು ಕೂತವಳೂ ನಾನೇ. ಆದರೂ ನಾನು ಬಾಯಿ ತೆಗೆದರೆ, ಯಾವ ಪಿಚ್ಚರ್ ಇತ್ತವಾ ಎಂದು ಕೇಳಿ ಸೀರೆಯ ಸೆರಗು ಬಾಯಿಗೆ ಹಿಡಿಯುತ್ತಿದ್ದರು.

ನಾನು ಸುಮ್ಮನಿರಲಿಲ್ಲ. ನೋವು ಏನು ಪರೀಕ್ಷೆಯೇ, ಕಾಪಿ ಹೊಡೆದೆ ಎಂದು ಹೊರಗೆ ಕಳಿಸಲು? ಹಲ್ಲು ಕೀಳಿಸುವಾಗ ಇಂಜೆಕ್ಷನ್ ತೆಗೆದುಕೊಂಡರೆ ಆ ಹಲ್ಲು ನಿನ್ನದಲ್ಲ ಎನ್ನುತ್ತಾರೆಯೇ? ಬಂದ ಬಂದವರಿಗೆಲ್ಲ ಹೀಗೆ ವಾದ ಹೂಡಿದೆ. ಕೊನೆಗೆ ಅತ್ತೆಯ ಬುಡಕ್ಕೇ ಕೈ ಹಾಕಿದೆ. ಹೋದ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದಾಗ, ನೋವಾಗದಂತೆ ಇನ್ನೂ ಎರಡು ಹನಿ ಹಾಕೆಂದು ಡಾಕ್ಟರಿಗೆ ಜೋರು ಮಾಡಿದವರು ಅವರೇ. ಆಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ತಿಂಗಳುಗಟ್ಟಲೆ ಓಣಿಯ ಕಟ್ಟೆಯ ಮೇಲೆ ಸಾಹುಕಾರರ ಹಾಗೆ ಕೂತವರೂ ಅವರೇ. ಅದು ನಡೆಯುತ್ತದೆ, ನನ್ನ ಕನ್ನಡಕ ಯಾಕೆ ನಡೆಯುವುದಿಲ್ಲ ಎಂದು ಕೇಳಿದೆ. ಅತ್ತೆ ತೊಗರಿ ಬೇಳೆ ಕೇರುವುದನ್ನು ನಿಲ್ಲಿಸದೆ, "ಕಣ್ಣೇನು ನಾ ಹಡದೀನೇನು?" ಎಂದರು.

ಹೀಗೆ ಜಗಳ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ನಾದಿನಿ ರೇಣುಕಾ ಚೊಚ್ಚಲ ಹೆರಿಗೆಗೆಂದು ಹುಣಸಗಿಯಿಂದ ತವರಿಗೆ ಬಂದಳು. ಅತ್ತೆಯ ಐವರಲ್ಲಿ ಅವಳೇ ಕೊನೆಯವಳು. ಜಿರಲೆ ಕಂಡರೆ ಮಂಚ ಹತ್ತುವ ಹುಡುಗಿ. ಅದೇ ಆಸ್ಪತ್ರೆಯಲ್ಲಿ ತೋರಿಸಿದರೆ, ಕೂಸು ಅಡ್ಡ ಇದೆ, ಸಿಜೇರಿಯನ್ನೇ ಆಗಬೇಕು, ಆದರೆ ಈ ಹುಡುಗಿ ಹೆದರಿ ಹೆದರಿ ಬಿಪಿ ಏರಿಸಿಕೊಳ್ಳುತ್ತಿದ್ದಾಳೆ, ಹೀಗಾದರೆ ಕಷ್ಟ ಎಂದರು. ಮನೆಗೆ ಬಂದು ಅವಳು ಊಟ ಬಿಟ್ಟಳು. ಟೇಬಲ್ಲಿನಿಂದ ಎದ್ದು ಓಡಿಬಿಡುತ್ತೇನೆ ಎಂದಳು. ನಾನು ಬಹಳ ದೊಡ್ಡಸ್ತಿಕೆಯಿಂದ ಅವಳ ಪಕ್ಕ ಕೂತು, ಕನ್ನಡಕದ ಡಾಕ್ಟರು ಇರುವ ದಿನವೇ ಹೋಗೋಣ, ಸಮುದ್ರ ಮುಗಿಯುವುದರೊಳಗೆ ಕೂಸು ಬಂದಿರುತ್ತದೆ ಎಂದೆ. ಅವಳು ಬಾಗಿಲ ಕಡೆ ನೋಡಿ, ದನಿ ಸಣ್ಣದು ಮಾಡಿ ಹೇಳಿದಳು: "ಆ ಕನ್ನಡಕ ನನಗ ಬ್ಯಾಡ ವೈನಿ. ನಿಮಗಂದಂಗ ನನಗೂ ಅಂತಾರ. ನೀವು ತಿರುಗಿ ಅಂತೀರಿ, ನನಗ ಅನ್ನಾಕ ಬರೂದಿಲ್ಲ."

ನನಗೆ ಮೈ ಉರಿದುಹೋಯಿತು. ನನ್ನನ್ನು ಅಂದದ್ದು ನನಗೆ ಸಾಕಾಗಿತ್ತು, ನಾನು ಅಂದವರಿಗೆ ಅಂದು ತೀರಿಸಿಕೊಂಡಿದ್ದೆ. ಆದರೆ ಆ ಮಾತುಗಳೆಲ್ಲ ಈ ಹುಡುಗಿಯ ಕಿವಿಗೆ ಬಿದ್ದು, ಅವಳು ಕಣ್ಣು ಬಿಟ್ಟುಕೊಂಡು ಆ ದೀಪದ ಕೆಳಗೆ ನಡುಗುತ್ತ ಮಲಗಬೇಕೇ? ನೆಟ್ಟಗೆ ಅಡುಗೆಮನೆಗೆ ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಿಮ್ಮ ಮಗಳು ಕನ್ನಡಕ ಬೇಡ ಎನ್ನುತ್ತಿದ್ದಾಳೆ, ನಿಮ್ಮ ಓಣಿಯ ಪಂಚಾಯ್ತಿಗೆ ಹೆದರಿ, ಈಗ ಸಮಾಧಾನವಾಯಿತೇ ಎಂದೆ. ಅವರು ಮುಂದಿನ ಹಿಟ್ಟಿನ ಉಂಡೆ ಕೈಗೆತ್ತಿಕೊಂಡರು. ನಾನೂ ಬಿಡಲಿಲ್ಲ. "ನಿಮ್ಮ ಹತ್ತಿ ಹೊಲದ ಕಥಿಯಾಗ ರೊಟ್ಟಿ ಬರ್ತಾವ್ರಿ ಅತ್ತಿ, ಬ್ಯಾನಿ ಬರೂದಿಲ್ಲ. ಬ್ಯಾನಿ ಬಂದಾಗ ಏನ್ ಮಾಡಿದ್ರಿ? ಅದೊಂದು ಹೇಳ್ರಿ."

ರೊಟ್ಟಿ ಬಡಿಯುವ ಕೈ ನಿಂತಿತು. ಮದುವೆಯಾದ ಮೇಲೆ ಆ ಕೈ ಮಧ್ಯದಲ್ಲಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಏನ್ ಮಾಡೂದು. ಕಣ್ಣ ಮುಚ್ಚಿದ್ನಿ" ಎಂದರು. ಅತ್ತೆಯ ತವರು ಯಾದಗಿರಿ ಹತ್ತಿರದ ಮುದನಾಳ. "ಕಣ್ಣ ಮುಚ್ಚಿ ಮುದನಾಳದ ಹಾದಿ ಹಿಡದ್ನಿ. ಊರ ಅಗಸಿ ಬಾಗಲಾ ದಾಟಿದ್ನಿ, ಬಾವಿ ದಾಟಿದ್ನಿ, ಬೇವಿನ ಗಿಡದ ಮುಂದ ನಮ್ಮನಿ. ನಮ್ಮವ್ವ ಬಾಗಲಾಗ ನಿಂತಿರ್ತಿದ್ಳು. ಅಕಿ ಸತ್ತು ಆರು ವರ್ಷ ಆಗಿತ್ತು, ಆದ್ರೂ ನಿಂತಿರ್ತಿದ್ಳು. ಅಕಿನ್ನ ಮುಟ್ಟೂದ್ರಾಗ ಕೂಸು ಬಂತು. ಐದಕ್ಕೂ ಹಂಗೇ." ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು, ಇಬ್ಬರೂ ತಿರುವಲಿಲ್ಲ. ಇದನ್ನು ಯಾರಿಗೂ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದರೆ, ಹೇಳಿದ್ದರೆ ನಗುತ್ತಿದ್ದರು ಎಂದರು.

ಒಳ್ಳೆಯ ಸೊಸೆಯಾಗಿದ್ದರೆ ನಾನು ಅಲ್ಲಿ ಕಣ್ಣೊರೆಸಿಕೊಂಡು ಸುಮ್ಮನಾಗಬೇಕಿತ್ತು. ಕಣ್ಣೊರೆಸಿಕೊಂಡೆ, ಅದು ನಿಜ. ಆಮೇಲೆ, ಹಾಗಾದರೆ ನೀವೂ ಕನ್ನಡಕ ಹಾಕಿಕೊಂಡೇ ಹಡೆದಿರಿ ಎಂದುಬಿಟ್ಟೆ. ಅತ್ತೆ ಕರಕಾದ ರೊಟ್ಟಿಯನ್ನು ನನ್ನ ತಾಟಿಗೆ ಎತ್ತಿ ಹಾಕಿ, "ನನ್ನ ಕನ್ನಡಕಕ್ಕ ಕರೆಂಟ್ ಬೇಕಿದ್ದಿಲ್ಲ" ಎಂದರು.

ಆಪರೇಷನ್ನಿನ ಹಿಂದಿನ ದಿನ ಅತ್ತೆ ತಾವಾಗಿಯೇ ಡಾಕ್ಟರನ್ನು ಕಾಣಲು ಹೊರಟರು. ಜೊತೆಗೆ ನಾನು, ರೇಣುಕಾ. ಆ ಡಬ್ಬಿಯಲ್ಲಿ ಏನೇನಿದೆ ಎಂದು ಅತ್ತೆ ವಿಚಾರಣೆ ಶುರು ಮಾಡಿದರು. ಸಮುದ್ರ ಎಂದರು ಡಾಕ್ಟರು. ಬೇಡ, ಹುಡುಗಿ ಅಷ್ಟು ನೀರು ಕಂಡರೆ ಅಂಜುತ್ತಾಳೆ. ಕಾಡು? ಹುಲಿ ಇರುತ್ತದೆ. ಹಿಮದ ಬೆಟ್ಟ ಎಂದಾಗ ಅತ್ತೆ ಕುರ್ಚಿ ಬಿಟ್ಟು ಎದ್ದರು. "ಬಾಣಂತಿಗೆ ಹಿಮ ತೋರಸ್ತೀರಿ? ಥಂಡಿ ಹತ್ತಿ ಹಾಲು ಬತ್ತಿದ್ರ ಯಾರು ಜಿಮ್ಮೇದಾರು?" ಅದು ಬರೀ ಚಿತ್ರ, ಥಂಡಿ ಹತ್ತುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅತ್ತೆ ಒಪ್ಪಲಿಲ್ಲ. ಚಿತ್ರ ನೋಡಿ ಅಂಜಿಕೆ ಹೋಗುತ್ತದೆಂದರೆ ಚಿತ್ರ ನೋಡಿ ಥಂಡಿ ಯಾಕೆ ಹತ್ತಬಾರದು ಎಂದು ಅವರ ಪ್ರಶ್ನೆ. ಡಾಕ್ಟರು ನನ್ನ ಮುಖ ನೋಡಿದರು. ನಾನು ಮೊದಲ ಸಲ ಅತ್ತೆಯ ಕಡೆ ಇದ್ದೆ, ಪ್ರಶ್ನೆ ಸರಿಯಾಗಿಯೇ ಇತ್ತು. ಸೋತ ಡಾಕ್ಟರು, ನಿಮಗೆ ಬೇಕಾದ ವಿಡಿಯೊ ಫೋನಿನಲ್ಲಿ ತೆಗೆದು ತನ್ನಿ, ಅದನ್ನೇ ಹಾಕುತ್ತೇನೆ ಎಂದರು.

ಅವತ್ತೇ ಸಂಜೆ ನನ್ನ ಗಂಡನ ಕೈಗೆ ಫೋನು ಕೊಟ್ಟು, ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ನಿಧಾನಕ್ಕೆ ನಡೆಯುತ್ತ ವಿಡಿಯೊ ತೆಗೆಯಲು ಅತ್ತೆ ಹುಕುಂ ಮಾಡಿದರು. ರೇಣುಕಾ ಹುಣಸಗಿಯಿಂದ ಬಂದಾಗಲೆಲ್ಲ ನಡೆಯುವ ಹಾದಿ ಅದು. ಗಂಡ ಶ್ರದ್ಧೆಯಿಂದ ತೆಗೆದರು. ಮೊದಲ ಎರಡು ನಿಮಿಷ ಅವರ ಹೆಬ್ಬೆರಳೇ ಇದೆ. ಆಮೇಲೆ ದೂರದಲ್ಲಿ ನಮ್ಮೂರ ಗುಡ್ಡ, ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ, ಬಂದು ಹೋಗುತ್ತದೆ. ಓಣಿಯ ತಿರುವಿನಲ್ಲಿ ಒಂದು ಎಮ್ಮೆ ಅಡ್ಡ ನಿಂತು ಬಹಳ ಹೊತ್ತು ಫೋನನ್ನೇ ನೋಡುತ್ತದೆ. ಕಾಶಮ್ಮ ಬುಟ್ಟಿ ಹಿಡಿದು ಬಂದು, ಯಾವ ಸೀರಿಯಲ್ಲಪಾ ಎಂದು ಕೇಳುತ್ತಾಳೆ. ಕೊನೆಗೆ ನಮ್ಮ ಮನೆ. ಬಾಗಿಲಲ್ಲಿ ಹೊಸ ಸೀರೆ ಉಟ್ಟು ಅತ್ತೆ ನಿಂತಿದ್ದಾರೆ. ಸುಮ್ಮನೆ ನಿಂತಿದ್ದಾರೆ. ಆ ಕಡೆಯ ಭಾಗ ಮಾತ್ರ ಎಲ್ಲೂ ಅಲುಗಾಡಿಲ್ಲ.

ಮರುದಿನ ಅತ್ತೆ ಮಗಳ ಕಿವಿಗೆ ಗಟ್ಟಿಯಾಗಿ ಬಟ್ಟೆ ಕಟ್ಟಿದರು. ನಿಮ್ಮ ಕನ್ನಡಕವನ್ನು ಇದರ ಮೇಲೆ ಕಟ್ಟಿ, ಇದನ್ನು ಬಿಚ್ಚಬೇಡಿ ಎಂದು ಡಾಕ್ಟರಿಗೆ ತಾಕೀತು ಮಾಡಿದರು. ಡಾಕ್ಟರು ಆ ಬಟ್ಟೆ ಬಿಚ್ಚಿ, ಆಸ್ಪತ್ರೆಯ ಟೋಪಿಯನ್ನು ಎರಡು ಕಿವಿಯ ಕೆಳಗಿನ ತನಕ ಎಳೆದು ತೋರಿಸಿದ ಮೇಲೆಯೇ ಅತ್ತೆ ಮಗಳನ್ನು ಒಳಗೆ ಬಿಟ್ಟರು. ನಾವು ಹೊರಗೆ ಕೂತೆವು. ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಯಾವ ಹಾದಿಯಲ್ಲಿದ್ದರೋ ನಾನು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಂದು ನಗು ಕೇಳಿತು, ನಮ್ಮ ರೇಣುಕಾಳ ಗೊಗ್ಗರು ನಗು, ಎಮ್ಮೆ ಬಂದಿತ್ತೆಂದು ಕಾಣುತ್ತದೆ. ಆಮೇಲೆ ಕೂಸಿನ ದನಿ. ನರ್ಸು ಬಾಗಿಲು ತೆರೆದು, ನನ್ನನ್ನು ನೋಡಿ ಗುರುತು ಹಿಡಿದು, ಸ್ವಲ್ಪ ಹೆದರುತ್ತಲೇ, ಹೆಣ್ಣು ಮಗು, ತಾಯಿ ನಗುತ್ತಿದ್ದಾರೆ ಎಂದಳು. ಅತ್ತೆ ಎದ್ದು ನಿಂತು, ಅಲ್ಲಿ ಕೂತಿದ್ದ ಗೊತ್ತಿದ್ದವರು ಗೊತ್ತಿಲ್ಲದವರು ಎಲ್ಲರಿಗೂ ಕೇಳುವಂತೆ ಹೇಳಿದರು: "ನನ್ನ ಮಗಳು ನಕ್ಕೋತ ಹಡದಾಳ."

ಹಡದಾಳ. ತೆಗೆದಾರ ಎನ್ನಲಿಲ್ಲ. ಸೊಸೆ ನಕ್ಕರೆ ಅಪರಾಧ, ಮಗಳು ನಕ್ಕರೆ ಡಂಗುರ. ನಾನು ಇದನ್ನು ಅಲ್ಲಿಯೇ ಎತ್ತಿ ಆಡಬೇಕೆಂದಿದ್ದೆ. ಅಷ್ಟರಲ್ಲಿ ಕೂಸನ್ನು ತಂದು ನನ್ನ ಕೈಗೆ ಕೊಟ್ಟುಬಿಟ್ಟರು, ಜಗಳಕ್ಕೆ ಕೈ ಖಾಲಿ ಇರಲಿಲ್ಲ. ಓಣಿಯಲ್ಲಿ ಅವತ್ತಿನಿಂದ ರೇಣುಕಾ ಗೋಡೆಗೆ ಒರಗಿ ಕೂರುತ್ತಾಳೆ. ಎಮ್ಮೆಯ ಕಥೆಯನ್ನು ಎಲ್ಲರೂ ಕೇಳಿ ಕೇಳಿ ಹೇಳಿಸುತ್ತಾರೆ. ಕಾಶಮ್ಮನಂತೂ, ಹೆರಿಗೆಯಲ್ಲಿ ತಾನೂ ಇದ್ದೆ ಎನ್ನುತ್ತಾಳೆ.

ಇನ್ನು ಹೋದ ವಾರದ ಮಾತು. ಅಂಗನವಾಡಿಯಿಂದ ತಾಯಿ ಮಗುವಿನ ಅರ್ಜಿ ಬಂತು, ರೇಣುಕಾ ಕೂಸನ್ನು ಎತ್ತಿಕೊಂಡು ಅತ್ತೆಯ ಜೊತೆ ನನ್ನ ಅಂಗಡಿಗೆ ಬಂದಳು. ಇದೇ ಅರ್ಜಿಯನ್ನು ನಾನು ನನ್ನ ಮಗನಿಗೂ ತುಂಬಿದ್ದೆ, ಬಾಣಂತನದಲ್ಲಿ, ಕಿವಿಗೆ ಬಟ್ಟೆ ಕಟ್ಟಿಕೊಂಡೇ. ಮನೆಯ ವಿಳಾಸ ಮತ್ತೆ ಹೊಡೆಯುವುದೇಕೆಂದು ಆ ಹಳೆಯ ಅರ್ಜಿಯನ್ನೇ ಕಂಪ್ಯೂಟರಿನಲ್ಲಿ ತೆರೆದೆ. ಅತ್ತೆಗೆ ಓದು ಬರುವುದಿಲ್ಲ. ರೇಣುಕಾಳಿಗೆ ಬರುತ್ತದೆ, ನನ್ನ ದುರದೃಷ್ಟ. ಅವಳು ಪರದೆಗೆ ಬಗ್ಗಿ, 'ಹೆರಿಗೆಯ ವಿಧಾನ' ಎಂಬ ಸಾಲಿನ ಮೇಲೆ ಬೆರಳಿಟ್ಟು, "ವೈನಿ, ನಿಮ್ಮದರಾಗ ಸಹಜ ಅಂತ ಅದ" ಎಂದಳು.

ಇತ್ತು. ನಾನೇ ಒತ್ತಿದ್ದೆ. ಓಣಿಗೆಲ್ಲ ವಾದ ಹೂಡುತ್ತಿದ್ದ ಅದೇ ದಿನಗಳಲ್ಲಿ, ಯಾರೂ ನೋಡದ ಒಂದು ಅರ್ಜಿಯಲ್ಲಿ, ಯಾರೂ ಕೇಳದಿದ್ದರೂ, ಸಿಜೇರಿಯನ್ ಬಿಟ್ಟು ಸಹಜ ಎಂಬಲ್ಲಿ ಗುರುತು ಹಾಕಿದ್ದೆ. ಬೆರಳು ಜಾರಿತ್ತು ಎಂದರೆ ಸುಳ್ಳು. ಒಮ್ಮೆ ಸಿಜೇರಿಯನ್ ಒತ್ತಿ, ಅಳಿಸಿ, ಆಮೇಲೆ ಸಹಜ ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಒಮ್ಮತ ಮೂಡದ ಓಣಿಯಲ್ಲಿ ಒಂದು ವೋಟು ನನ್ನದೂ ಇತ್ತು, ನಾನು ಹಡೆದಿಲ್ಲ ಎನ್ನುವವರ ಕಡೆಗೆ.

ಅತ್ತೆ, ಏನಂತ ಅದ ಎಂದು ಕೇಳಿದರು. ರೇಣುಕಾ ಬಿಡಿಸಿ ಹೇಳಿದಳು. ಅತ್ತೆ ನಗುತ್ತಾರೆ, ಸಂಜೆಯೊಳಗೆ ಓಣಿ ತುಂಬ ಹಂಚುತ್ತಾರೆ ಎಂದು ನಾನು ಬೆನ್ನು ಗಟ್ಟಿ ಮಾಡಿ ಕೂತೆ. ಅವರು ನಗಲಿಲ್ಲ. ನನ್ನ ಭುಜದ ಮೇಲೆ ಜಾರಿದ್ದ ಸೆರಗು ಸರಿಮಾಡಿ ಹೇಳಿದರು: "ತಿದ್ದು. ನಕ್ಕೋತ ಹಡದೀನಿ ಅಂತ ಬರಿ." ಅಂಥ ಕಾಲಂ ಇಲ್ಲ ಅತ್ತಿ ಎಂದೆ. ಹಾಗಾದರೆ ಅರ್ಜಿ ಮಾಡಿದವರಿಗೆ ಹಡೆದು ಗೊತ್ತಿಲ್ಲ ಎಂದು ಹೇಳಿ, ಮೊಮ್ಮಗಳನ್ನು ಎತ್ತಿಕೊಂಡು ಹೊರಗೆ ಹೋದರು.

ರೇಣುಕಾಳ ಅರ್ಜಿ ಅವತ್ತೇ ಹೋಯಿತು, ಸಿಜೇರಿಯನ್ ಎಂದು, ದೊಡ್ಡ ಗುರುತಿನೊಂದಿಗೆ. ನನ್ನದಕ್ಕೆ ತಿದ್ದುಪಡಿ ಅರ್ಜಿ ಹಾಕಬೇಕು. ಹಾಕಲು ಕೂತಿದ್ದೇನೆ. ಹೆಸರು ತುಂಬಿದೆ, ವಿಳಾಸ ತುಂಬಿದೆ, ಸಿಜೇರಿಯನ್ ಎಂದು ಗುರುತು ಹಾಕಿದೆ. ಉಳಿದದ್ದು ಒಂದೇ ಕಾಲಂ, ಮೊದಲಿನ ತಪ್ಪಿಗೆ ಕಾರಣ. ಕಣ್ತಪ್ಪಿನಿಂದ ಎಂದು ಹೊಡೆಯಲು ಬೆರಳು ಏಳುತ್ತಿಲ್ಲ. ಎದುರಿಗೆ ಆಧಾರ್ ಹಿಡಿದುಕೊಂಡ ಐದಾರು ಮಂದಿ ನಿಂತಿದ್ದಾರೆ. ನಾನು ಬೆಳಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ, ಮತ್ತು ನನ್ನನ್ನು ಬೈಯಲು ಇಡೀ ಅಂಗಡಿಯಲ್ಲಿ ನನ್ನ ಬಿಟ್ಟರೆ ಯಾರೂ ಇಲ್ಲ.